ತಾತನ 1956ರ ಫಿಯಾಟ್ ಯಾರ ಕೈಗೆ ಕೊಡಬೇಕು?

ಶಿಡ್ಲಘಟ್ಟ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1956ರ ಫಿಯಾಟ್ 1100 ಒಂದಿದೆ. ಮುಂಬೈ ಕಡೆಯವರು ಡುಕ್ಕರ್ ಫಿಯಾಟ್ ಅನ್ನುತ್ತಾರಲ್ಲ, ಅದೇ. ಮುಂದಿನ ಬಾಗಿಲು, ಹಿಂದಿನ ಬಾಗಿಲು ಎರಡರ ಕೀಲೂ ನಡುವಿನ ಕಂಬಕ್ಕೇ ಇವೆ. ನಾಲ್ಕೂ ತೆಗೆದರೆ ಹಕ್ಕಿ ರೆಕ್ಕೆ ಬಿಚ್ಚಿ ಕೂತ ಹಾಗೆ ಕಾಣುತ್ತದೆ. ಗೇರು ಸ್ಟೇರಿಂಗ್ ಪಕ್ಕದಲ್ಲಿ.

ತಾತ ಹೊಸದಾಗಿಯೇ ಕೊಂಡ ಕಾರು ಇದು. ಅವರು ರೀಲರ್ ಆಗಿದ್ದರು. ರೇಷ್ಮೆ ಗೂಡು ಕೊಂಡು, ಮನೆ ಹಿಂದಿನ ಶೆಡ್‌ನಲ್ಲಿ ನೂಲು ಬಿಚ್ಚಿಸಿ, ಲಡಿಗಳನ್ನು ಬಿಳಿ ಪಂಚೆಯಲ್ಲಿ ಸುತ್ತಿ, ಇದರ ಹಿಂದಿನ ಸೀಟಿನ ಮೇಲಿಟ್ಟು ಬೆಂಗಳೂರಿಗೆ ಒಯ್ಯುತ್ತಿದ್ದರು. ಇವತ್ತಿಗೂ ಆ ಸೀಟು ಎತ್ತಿದರೆ ಅಡಿಯಲ್ಲಿ ರೇಷ್ಮೆ ಎಳೆ ಸಿಗುತ್ತವೆ. ಮಳೆಗಾಲದಲ್ಲಿ ಬಾಗಿಲು ತೆಗೆದ ಕೂಡಲೇ ಬೇಯಿಸಿದ ಗೂಡಿನ ವಾಸನೆ. ಶಿಡ್ಲಘಟ್ಟದಲ್ಲಿ ಬೆಳೆದವರಿಗೆ ಆ ವಾಸನೆ ಏನು ಅಂತ ಹೇಳಬೇಕಾಗಿಲ್ಲ.

ಅಪ್ಪ ಹೋದ ವರ್ಷ ತೀರಿಕೊಂಡರು. ಬಿಚ್ಚಾಣಿಕೆ ನಿಂತು ಬಹಳ ಕಾಲವಾಯಿತು. ಶೆಡ್ ಇರುವ ಜಾಗ ಮಾರಿದ್ದೇವೆ, ಆಯುಧಪೂಜೆ ಮುಗಿದ ಮೇಲೆ ಬಿಟ್ಟುಕೊಡಬೇಕು. ನಾನಿರುವುದು ಬಾಡಿಗೆ ಮನೆ, ಮೊದಲ ಮಹಡಿ. ತಮ್ಮ ಪುಣೆಯಲ್ಲಿ ಫ್ಲಾಟ್‌ನಲ್ಲಿದ್ದಾನೆ. ಕಾರು ಇಡಲು ಇಬ್ಬರಿಗೂ ಜಾಗವಿಲ್ಲ.

ಕೇಳಿಕೊಂಡು ಬಂದವರು ಇಬ್ಬರು. ಒಬ್ಬರು ಬೆಂಗಳೂರಿನಲ್ಲಿ ಮದುವೆಗೆ ಹಳೇ ಕಾರು ಬಾಡಿಗೆ ಕೊಡುವವರು. 7 ಲಕ್ಷ ಕೊಡುತ್ತೇನೆ ಎಂದಿದ್ದಾರೆ. ಬೇರೆ ಇಂಜಿನ್ ಕೂರಿಸಿ, ಎಸಿ ಹಾಕಿ, ಬಿಳಿ ಬಣ್ಣ ಹೊಡೆಸುತ್ತಾರಂತೆ. ಇನ್ನೊಬ್ಬರು ಕಾರು ಸಂಗ್ರಹ ಮಾಡುವವರು. 6 ಲಕ್ಷ. ಕೊನೆಯ ಸ್ಕ್ರೂವರೆಗೂ ಬಿಚ್ಚಿ ಹೊಸದರ ಹಾಗೆ ಮಾಡಿ ತಮ್ಮ ಗೋದಾಮಿನಲ್ಲಿ ಇಡುತ್ತಾರೆ. ನನ್ನ ತಮ್ಮನೋ, ಮ್ಯೂಸಿಯಂಗೆ ಕೊಡೋಣ ಎನ್ನುತ್ತಾನೆ.

ಕಾರಿನ ಜೊತೆ ಒಂದು ಪುಸ್ತಕವೂ ಇದೆ. ತಾತ ಪೆಟ್ರೋಲ್ ಹಾಕಿಸಿದಾಗಲೆಲ್ಲ ಬರೆದಿಟ್ಟ ಲೆಕ್ಕ. ಮೊದಲ ಪುಟಗಳಲ್ಲಿ ಗ್ಯಾಲನ್, ರೂಪಾಯಿ, ಆಣೆ. 1957ರ ಏಪ್ರಿಲ್ ಬಂದ ಕೂಡಲೇ ಆಣೆ ಹೋಗಿ ನಯಾ ಪೈಸೆ ಬರುತ್ತದೆ. ಮುಂದೆ ಗ್ಯಾಲನ್ ಹೋಗಿ ಲೀಟರ್. ಒಂದೊಂದು ಸಾಲಿನ ಪಕ್ಕ ಎಲ್ಲಿಗೆ ಹೋದದ್ದು, ಯಾರ ಜೊತೆ ಎಂದು ಎರಡು ಮಾತು. "ಹೆರಿಗೆ ಆಸ್ಪತ್ರೆ, ರಾತ್ರಿ" ಅಂತ ಎಷ್ಟು ಕಡೆ ಇದೆಯೋ! ನಮ್ಮ ಬೀದಿಯಲ್ಲಿ ಆಗ ಇದ್ದದ್ದು ಇದೊಂದೇ ಕಾರು.

ನಾನು ಕೇಳುತ್ತಿರುವುದು ರೇಟಿನ ಬಗ್ಗೆ ಅಲ್ಲ. ಇಂಥ ಕಾರನ್ನು ಯಾರು ಕಾಪಾಡುತ್ತಾರೆ?

ಗೌರಿಬಿದನೂರು ಬುಲೆಟ್

ಮೇಡಂ, ಮದುವೆ ಬಾಡಿಗೆಯವರಿಗೆ ಮಾತ್ರ ಕೊಡಬೇಡಿ. ಇಂಜಿನ್ ಬದಲಾಯಿಸಿದರೆ ಅದು ಆ ಕಾರೇ ಅಲ್ಲ.

ಸಂಗ್ರಹ ಮಾಡುವವರಿಗೆ ಕೊಡಿ ಎಂಬುದು ನನ್ನ ಅಭಿಪ್ರಾಯ. ನಾನು ಮೂರು ಹಳೇ ಬೈಕ್ ಸರಿ ಮಾಡಿದ್ದೇನೆ. ತುಕ್ಕು ಹೊರಗೆ ಕಾಣುವಷ್ಟೇ ಇರುವುದಿಲ್ಲ. ನೆಲದ ಮ್ಯಾಟ್ ಎತ್ತಿ ನೋಡಿ, ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋದರೆ ಅಲ್ಲಿ ತಗಡಿಲ್ಲ, ಬಣ್ಣ ಮಾತ್ರ ನಿಂತಿದೆ ಎಂದು ಅರ್ಥ. ದುಡ್ಡಿರುವವರ ಕೈಗೆ ಹೋದರೆ ಟಿಂಕರಿಂಗ್ ಸರಿಯಾಗಿ ಆಗುತ್ತದೆ. ಇಲ್ಲದಿದ್ದರೆ ಪ್ರೀತಿಯಿಂದ ನೋಡ್ತಾ ನೋಡ್ತಾನೇ ಕರಗಿ ಹೋಗುತ್ತದೆ.

ಚಿಂತಾಮಣಿ ಮೇಷ್ಟ್ರು

ಟೀಚರಮ್ಮ, ನಿಮ್ಮ ಕಾರಿಗೂ ನಮ್ಮ ಜಿಲ್ಲೆಗೂ ಇನ್ನೊಂದು ನಂಟಿದೆ. ಹೇಳದೆ ಇರಲಾಗುತ್ತಿಲ್ಲ.

ಈ ಕಾರನ್ನು ನಮ್ಮ ದೇಶದಲ್ಲಿ ಮಾಡಿದ್ದು ಬೊಂಬಾಯಿಯ ಪ್ರೀಮಿಯರ್ ಆಟೊಮೊಬೈಲ್ಸ್. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಕಂಪನಿ. ಆದರೆ ಭಾರತದಲ್ಲೇ ಕಾರು ತಯಾರಾಗಬೇಕು ಎಂದು ಅದಕ್ಕೂ ಹತ್ತು ವರ್ಷ ಮೊದಲೇ ಪಟ್ಟು ಹಿಡಿದು ಕೂತವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ದಿವಾನಗಿರಿ ಬಿಟ್ಟು ಬಹಳ ವರ್ಷಗಳಾಗಿದ್ದವು, ವಯಸ್ಸು 70 ದಾಟಿತ್ತು. ಆದರೂ 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು. ಯೋಜನೆ ಬರೆದು ಸರ್ಕಾರದ ಮುಂದಿಟ್ಟರು. ಆಗಿನ ಬ್ರಿಟಿಷ್ ಸರ್ಕಾರ ಕೈಜೋಡಿಸಲಿಲ್ಲ. ವಾಲ್‌ಚಂದ್ ಆ ಹಾದಿಯನ್ನು ಮುಂದುವರಿಸಿದರು. ಆ ಕಂಪನಿ ಫಿಯಾಟ್ 1100 ಮಾಡಲು ಶುರು ಮಾಡಿದ್ದು 1954ರಲ್ಲಿ. ನಿಮ್ಮದು ಮೊದಮೊದಲ ಕಾರುಗಳಲ್ಲಿ ಒಂದು. ಮುಂದೆ ಇದೇ ವಂಶದಲ್ಲಿ ಪದ್ಮಿನಿ ಬಂತು. ಇಂಜಿನ್‌ನ 1089 ಸಿಸಿ ಅಳತೆ ಪದ್ಮಿನಿವರೆಗೂ ಉಳಿಯಿತು.

ಅದಕ್ಕೇ ಇದು ನಮ್ಮ ಜಿಲ್ಲೆ ಬಿಟ್ಟು ಹೋಗುತ್ತದೆ ಅಂದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಶಿಡ್ಲಘಟ್ಟ ಟೀಚರ್

ಮೇಷ್ಟ್ರೇ, ಇದನ್ನು ಓದಿ ಪುಸ್ತಕ ಮತ್ತೆ ತೆಗೆದೆ. 1962ರ ಏಪ್ರಿಲ್‌ನಲ್ಲಿ ಒಂದು ಸಾಲಿದೆ. "ಮುದ್ದೇನಹಳ್ಳಿ. ವಿಶ್ವೇಶ್ವರಯ್ಯನವರ ಅಂತಿಮ ದರ್ಶನ. 6 ಜನ." ಚಿಕ್ಕಂದಿನಿಂದ ಎಷ್ಟು ಸಲ ಆ ಪುಟ ತಿರುಗಿಸಿದ್ದೆನೋ. ಕಾರಿಗೂ ಅವರಿಗೂ ಇಂಥ ಸಂಬಂಧ ಇದೆ ಎಂದು ಗೊತ್ತೇ ಇರಲಿಲ್ಲ. ತಾತನಿಗೆ ಗೊತ್ತಿತ್ತಾ? ಈಗ ಕೇಳೋಣ ಅಂದರೆ ಯಾರೂ ಇಲ್ಲ.

ಕೆಜಿಎಫ್ ಚಾಂಪಿಯನ್ ರೀಫ್

ನಾನು ಕೋಲಾರ ಚಿನ್ನದ ಗಣಿಯವನು. ನಮ್ಮ ಊರಿನ ಅನುಭವ ಒಂದು ಹೇಳುತ್ತೇನೆ.

1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ನಮ್ಮದು. ದೊರೆಗಳ ಬಂಗಲೆ, ಕ್ಲಬ್ಬು, ಅವರ ಕಾರುಗಳು. ಅವರು ಹೋದ ಮೇಲೆ ಆ ಕಾರುಗಳು ಇಲ್ಲಿಯವರ ಕೈಗೆ ಬಂದವು. ನಮ್ಮ ದೊಡ್ಡಪ್ಪನ ಹತ್ತಿರ ಒಂದು ಮೋರಿಸ್ ಮೈನರ್ ಇತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಂಬಳ ನಿಂತ ಮನೆಯಲ್ಲಿ ಹಳೇ ಕಾರಿಗೆ ಯಾರು ಎಣ್ಣೆ ಹಾಕುತ್ತಾರೆ? ಮೊದಲು ಬ್ಯಾಟರಿ ಹೋಯಿತು, ಆಮೇಲೆ ಟೈರು. ಒಂದು ದಿನ ನಾನು ಕಾಲೇಜಿನಿಂದ ಬಂದಾಗ ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ. ಬಾನೆಟ್ಟನ್ನು ಸುತ್ತಿಗೆಯಿಂದ ಮಡಚುತ್ತಿದ್ದ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ದೊಡ್ಡಪ್ಪ ಅದಕ್ಕೂ ಮೊದಲು ಕೇಳಿಕೊಂಡು ಬಂದವರನ್ನೆಲ್ಲ ವಾಪಸ್ ಕಳಿಸಿದ್ದರು. ಮನೆ ಕಾರು ಮಾರಬಾರದು ಎಂಬ ಹಟ. ಅಕ್ಕ, ನೀವು ಮಾರುತ್ತಿದ್ದೀರಿ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸರಿಯಾದ ಸಮಯಕ್ಕೆ ಮಾರುವುದೂ ಕಾಪಾಡಿದ ಹಾಗೇನೇ.

ತಿಪಟೂರು ತೆಂಗು

ಮ್ಯೂಸಿಯಂಗೆ ನನ್ನ ಓಟು. ಶ್ರೀರಂಗಪಟ್ಟಣದ ಹತ್ತಿರ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಮಾಡಿಸಿರುವ ಪಯಣ ನೋಡಿದ್ದೀರಾ? ಮೈಸೂರು ಹೆದ್ದಾರಿಯಲ್ಲೇ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಕಾರುಗಳನ್ನು ಎಷ್ಟು ಚೆನ್ನಾಗಿ ಇಟ್ಟಿದ್ದಾರೆ! ಕೊಯಮತ್ತೂರಿನಲ್ಲೂ ಜಿ.ಡಿ. ನಾಯ್ಡು ಅವರ ಹೆಸರಿನ ಜೀಡೀ ಕಾರ್ ಮ್ಯೂಸಿಯಂ ಇದೆ. ಮಳೆ ಇಲ್ಲ, ಬಿಸಿಲಿಲ್ಲ, ಇಲಿ ಇಲ್ಲ. ಸಾವಿರಾರು ಜನ ನೋಡುತ್ತಾರೆ. ಒಬ್ಬರ ಗ್ಯಾರೇಜಿನಲ್ಲಿದ್ದರೆ ಯಾರು ನೋಡುತ್ತಾರೆ?

ಟೀಚರ್ ತಮ್ಮ, ಪುಣೆ

ನಾನೇ ಮ್ಯೂಸಿಯಂ ಎಂದವನು. ಅಕ್ಕ ಇಲ್ಲಿ ಬರೆದಿದ್ದಾಳೆ ಎಂದು ನಿನ್ನೆ ಗೊತ್ತಾಯಿತು.

ದುಡ್ಡು ಬೇಡ ಎಂದೇನಿಲ್ಲ. ನನಗೆ ಮನೆ ಸಾಲ ಇದೆ, ಮುಚ್ಚಿಡುವುದು ಏನಿದೆ. ಆದರೆ ಈ ಕಾರನ್ನು ಯಾರೋ ಒಬ್ಬರಿಗೆ ಮಾರಿ, ಅವರು ಮತ್ತೊಬ್ಬರಿಗೆ ಮಾರಿ, ಹತ್ತು ವರ್ಷ ಬಿಟ್ಟು ಎಲ್ಲಿದೆ ಎಂದೇ ಗೊತ್ತಾಗದ ಹಾಗೆ ಆಗುವುದು ನನಗೆ ಬೇಡ. ಅಪ್ಪ ನನಗೆ ಗೇರು ಹಾಕುವುದು ಕಲಿಸಿದ್ದು ಇದರಲ್ಲಿ. ತಮ್ಮ ಕೈಯನ್ನು ನನ್ನ ಕೈ ಮೇಲಿಟ್ಟು, ಎಳೆದು ಮೇಲಕ್ಕೆ, ಎಳೆದು ಕೆಳಕ್ಕೆ ಅಂತ ತೋರಿಸುತ್ತಿದ್ದರು. ಮ್ಯೂಸಿಯಂನಲ್ಲಿದ್ದರೆ ನನ್ನ ಮಗಳಿಗೆ ತೋರಿಸಬಹುದು.

ತುಮಕೂರು ಕೀಲಿ

ನಮ್ಮ ತಂದೆ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಮನೆಯಲ್ಲಿ 11 ಕೀಲಿ ವಾಚ್ ಇವೆ. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಎಲ್ಲದಕ್ಕೂ ಕೀಲಿ ಕೊಡುತ್ತೇನೆ. ಅಪ್ಪ ಹೇಳಿಕೊಟ್ಟದ್ದು: ವಾಚನ್ನು ಬೀರುವಿನಲ್ಲಿ ಭದ್ರವಾಗಿಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ, ಆಮೇಲೆ ಕೀಲಿ ಕೊಟ್ಟರೆ ಹಲ್ಲು ಸವೆಯುತ್ತದೆ.

ಬೆಂಗಳೂರು ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂ ನನಗೆ ಬಹಳ ಇಷ್ಟ. ಅಪ್ಪನನ್ನು ಕರೆದುಕೊಂಡು ಹೋದಾಗ ಅವರು ಗಾಜಿನ ಮುಂದೆ ಒಂದು ಗಂಟೆ ನಿಂತಿದ್ದರು. ಆದರೆ ಹೊರಗೆ ಬಂದ ಮೇಲೆ ಹೇಳಿದ್ದು ಒಂದೇ ಮಾತು, "ಟಿಕ್ ಟಿಕ್ ಇಲ್ಲ."

ಮ್ಯೂಸಿಯಂ ಬೇಡ ಎನ್ನುತ್ತಿಲ್ಲ. ದೇಶದಲ್ಲಿ ಒಂದೋ ಎರಡೋ ಉಳಿದಿರುವ ವಸ್ತು ಆದರೆ ಮ್ಯೂಸಿಯಂಗೇ ಹೋಗಬೇಕು. ನಿಮ್ಮ ಫಿಯಾಟ್ ಓಡುವ ಕಾರು. ಅದು ಓಡಬೇಕು ಅಲ್ವಾ?

ಕೋಲಾರದ ಲಾಯರ್

ಯಾರಿಗೆ ಕೊಟ್ಟರೂ ಕಾಗದ ಮೊದಲು ಸರಿ ಮಾಡಿಕೊಳ್ಳಿ ಮೇಡಂ. ಆರ್‌ಸಿ ನಿಮ್ಮ ತಂದೆಯವರ ಹೆಸರಲ್ಲಿದ್ದರೆ ನೀವು ನೇರವಾಗಿ ಮಾರಲು ಬರುವುದಿಲ್ಲ. ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ನಿಮ್ಮ ಅಮ್ಮ ಮತ್ತು ತಮ್ಮನ ಒಪ್ಪಿಗೆ ಬೇಕಾಗುತ್ತದೆ. ಅದಾದ ಮೇಲೆ ಮಾರಾಟಕ್ಕೆ ಫಾರಂ 29 ಮತ್ತು 30.

ಇನ್ನೊಂದು ವಿಷಯ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ಗಾಡಿಗಳ ಬಗ್ಗೆ ತಿದ್ದುಪಡಿ ಬಂದಿದೆ. 50 ವರ್ಷ ದಾಟಿದ ಎರಡು, ನಾಲ್ಕು ಚಕ್ರದ ಗಾಡಿ, ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗದೆ ಮೂಲ ರೂಪದಲ್ಲಿದ್ದರೆ ವಿಂಟೇಜ್ ಎಂದು ನೋಂದಣಿ ಮಾಡಿಸಬಹುದು. ಹೊಸ ನೋಂದಣಿಗೆ 20,000 ರೂ., 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಣಕ್ಕೆ 5,000 ರೂ. ಮೊದಲೇ ನಂಬರ್ ಇರುವ ಗಾಡಿ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ನಿಮ್ಮದು ಮೈಸೂರು ರಾಜ್ಯದ ಕಾಲದ, ಎಂವೈ ಎಂದು ಶುರುವಾಗುವ ನಂಬರ್ ಆಗಿದ್ದರೆ ಅದನ್ನು ಕಳೆದುಕೊಳ್ಳಬೇಡಿ.

ಆದರೆ ಹಾಗೆ ಮಾಡಿಸಿದರೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಬಾಡಿಗೆಗೆ ಬಿಡುವಂತೆಯೇ ಇಲ್ಲ. ಆದ್ದರಿಂದ ಆ ಮದುವೆ ಕಾರಿನವರಿಗೆ ಈ ದಾರಿ ಮುಚ್ಚಿದ ಹಾಗೆ. ಸಾಮಾನ್ಯ ಆರ್‌ಸಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಿಕೊಂಡು ಬಂದಿದ್ದರೆ ಹಾಗೇ ಮುಂದುವರಿಸಲೂಬಹುದು.

ಶಿಡ್ಲಘಟ್ಟ ಟೀಚರ್

ತುಂಬಾ ಥ್ಯಾಂಕ್ಸ್ ಸರ್. ಎಂವೈ ನಂಬರೇ. ಅಪ್ಪ ಪ್ರತಿ ಸಲವೂ ತಪ್ಪದೆ ನವೀಕರಣ ಮಾಡಿಸಿದ್ದಾರೆ, ರಸೀದಿಗಳೆಲ್ಲ ಇವೆ.

ಮದುವೆಯವರಿಗೆ ಇವತ್ತು ಫೋನ್ ಮಾಡಿ ಇಲ್ಲ ಎಂದೆ.

ಗೌರಿಬಿದನೂರು ಬುಲೆಟ್

ಒಳ್ಳೇದಾಯಿತು. ಈಗ ಸಂಗ್ರಹದವರ ಬಗ್ಗೆ ಯೋಚಿಸಿ. ಹೊಸದರ ಹಾಗೆ ಆದ ಫಿಯಾಟ್ ನೋಡಿದರೆ ನಿಮಗೇ ಕಣ್ಣು ತುಂಬುತ್ತದೆ.

ಚಿಂತಾಮಣಿ ಮೇಷ್ಟ್ರು

ಬುಲೆಟ್ ಅವರೇ, ಇಲ್ಲಿ ನಾನು ಒಪ್ಪುವುದಿಲ್ಲ. ಹೊಸದರ ಹಾಗೆ ಮಾಡುವುದು ಎಂದರೆ ಸೀಟು ಕಿತ್ತು ಹೊಸ ರೆಕ್ಸಿನ್ ಹಾಕುವುದು. ಆ ಸೀಟಿನ ಅಡಿಯ ರೇಷ್ಮೆ ಎಳೆ ಎಲ್ಲಿಗೆ ಹೋಗುತ್ತದೆ? ಕಸದ ಬುಟ್ಟಿಗೆ. 1956ರ ಶೋರೂಮಿನಲ್ಲಿ ನಿಂತ ಫಿಯಾಟ್‌ಗಳೆಲ್ಲ ಒಂದೇ ಥರ ಇದ್ದವು. ಆಮೇಲೆ ಇಷ್ಟು ವರ್ಷ ಶಿಡ್ಲಘಟ್ಟದಲ್ಲಿ ಬಾಳಿದ್ದಕ್ಕೆ ತಾನೇ ಇದು ಈ ಕಾರು ಆದದ್ದು?

ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ, ಇದಕ್ಕೆಂದೇ ಟ್ಯೂರಿನ್ ಚಾರ್ಟರ್ ಎಂಬ ನಿಯಮಾವಳಿ ಮಾಡಿಕೊಂಡಿದೆ. ಟ್ಯೂರಿನ್ ಎಂದರೆ ಫಿಯಾಟ್ ಹುಟ್ಟಿದ ಊರೇ. ಅದರ ಸಾರ ಇಷ್ಟು: ಎಷ್ಟು ಕಮ್ಮಿ ಕೈ ಹಾಕುತ್ತೀರೋ ಅಷ್ಟು ಒಳ್ಳೆಯದು, ಬಾಳಿದ ಗುರುತುಗಳನ್ನು ಅಳಿಸಬೇಡಿ, ಏನು ಮಾಡಿದರೂ ಬರೆದಿಡಿ, ಗಾಡಿಯನ್ನು ಓಡಿಸುತ್ತಾ ಇರಿ. ತುಕ್ಕು ತಿಂದ ಕಡೆ ತಗಡು ಹಾಕಲೇಬೇಕು, ಬ್ರೇಕ್ ಹೊಸದು ಮಾಡಲೇಬೇಕು. ಅದು ಬೇರೆ.

ಗೌರಿಬಿದನೂರು ಬುಲೆಟ್

ಮೇಷ್ಟ್ರೇ, ರೇಷ್ಮೆ ಎಳೆ ವಿಷಯ ಸರಿ. ಅದು ನನಗೆ ಹೊಳೆದಿರಲಿಲ್ಲ. ನನ್ನ ಮೊದಲ ಬೈಕಿನ ಟ್ಯಾಂಕ್ ಮೇಲೆ ಹಳೇ ಮಾಲೀಕರು ಕೈಯಲ್ಲಿ ಬರೆಸಿದ್ದ ಹೆಸರಿತ್ತು. ನಾನು ಉಜ್ಜಿ ತೆಗೆದೆ. ಈಗ ಬೇಕು ಅಂದರೂ ಬರುವುದಿಲ್ಲ.

ಮುಳಬಾಗಿಲು ಪಾರ್ವತಿ

ಎಲ್ಲರೂ ಕೊಳ್ಳುವವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಇಷ್ಟು ವರ್ಷ ಆ ಕಾರನ್ನು ಓಡುವ ಹಾಗೆ ಇಟ್ಟವರು ಯಾರು? ಅವರನ್ನು ಕೇಳಿದ್ದೀರಾ ಅಕ್ಕ?

ಶಿಡ್ಲಘಟ್ಟ ಟೀಚರ್

ಪಾರ್ವತಿಯವರೇ, ನಿಮ್ಮ ಮಾತು ಓದಿ ನಾಚಿಕೆಯಾಯಿತು. ಕೇಳಿರಲಿಲ್ಲ.

ನಮ್ಮ ಗ್ಯಾರೇಜ್ ಸಾಬರು. ಅವರ ತಂದೆ ತಾತನ ಕಾಲದಲ್ಲಿ ನೋಡಿಕೊಂಡರು, ಇವರು ಅಪ್ಪನ ಕಾಲದಲ್ಲಿ. ಈಗ 70 ದಾಟಿದೆ. ಭಾನುವಾರ ಅವರ ಮನೆಗೆ ಹೋದೆ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡು "ನಡಿ ಬೇಟಿ, ನೋಡೋಣ" ಎಂದರು.

ಶೆಡ್‌ಗೆ ಬಂದು ಬಾನೆಟ್ ಎತ್ತಿದರು. ಮೊದಲು ಯಾವ ವೈರು ಇಲಿ ಕಚ್ಚಿದೆ ಎಂದು ಬೆರಳಾಡಿಸಿ ನೋಡಿದರು. ಟ್ಯಾಂಕಿನ ಪೆಟ್ರೋಲ್ ಮೂಸಿ ಮುಖ ಸಿಂಡರಿಸಿದರು. ಈಗ ಬರುವ ಪೆಟ್ರೋಲ್‌ನಲ್ಲಿ ಎಥನಾಲ್ 20 ಪರ್ಸೆಂಟ್, ಹಳೇ ರಬ್ಬರ್ ಪೈಪಿಗೆ, ಪಂಪಿನ ಡಯಾಫ್ರಮ್ಮಿಗೆ ಅದು ಆಗಿ ಬರುವುದಿಲ್ಲ, ಸುಮ್ನೆ ನಿಲ್ಲಿಸಿಟ್ಟರೆ ಟ್ಯಾಂಕೂ ತುಕ್ಕು ಹಿಡಿಯುತ್ತದೆ ಎಂದರು. ಎಲ್ಲ ಬಸಿದು, ಪೈಪು ಬದಲಾಯಿಸಿ, ಇಂಜಿನ್‌ಗೆ ಕಿಡಿ ಕೊಡುವ ಪಾಯಿಂಟ್‌ಗೆ ಎಮರಿ ಕಾಗದ ಉಜ್ಜಿದರು. ಸಂಜೆ ನಾಲ್ಕಕ್ಕೆ ಸ್ಟಾರ್ಟ್ ಆಯಿತು. ಅಪ್ಪ ಹೋದ ಮೇಲೆ ಮೊದಲ ಸಲ. ಅಮ್ಮ ಒಳಗಿನಿಂದ ಓಡಿ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ನೀವೇ ಇಟ್ಟುಕೊಳ್ಳಿ, ದುಡ್ಡು ಬೇಡ" ಎಂದೆ. ತಮ್ಮನೂ ಫೋನಿನಲ್ಲಿ ಹೂಂ ಎಂದಿದ್ದ. ಸಾಬರು ಒಪ್ಪಲಿಲ್ಲ. "ನನ್ನ ಹತ್ತಿರ ನೆರಳಿಲ್ಲ. ನಾನು ಹೋದ ಮೇಲೆ ಮಕ್ಕಳು ಮಾರುತ್ತಾರೆ, ಅವರ ತಪ್ಪಲ್ಲ. ಬಾನೆಟ್ ತೆಗೆಯಲು ನನ್ನನ್ನು ಕರೆಯುವವರಿಗೆ ಕೊಡು" ಎಂದರು.

ಇಷ್ಟು ದಿನ ಯಾರು ಕಾಪಾಡುತ್ತಾರೆ ಎಂದು ಎಲ್ಲರನ್ನೂ ಕೇಳುತ್ತಿದ್ದೆ. ಈಗ ನನಗೆ ಬೇಕಾದದ್ದು ಏನು ಎಂದು ಗೊತ್ತಾಗಿದೆ. ಕಾರು, ಪುಸ್ತಕ, ಸಾಬರು, ಮೂರೂ ಒಟ್ಟಿಗೆ ಇರಬೇಕು. ಆದ್ದರಿಂದ ಈ ಸೀಮೆ ಬಿಟ್ಟು ದೂರ ಹೋಗಬಾರದು.

ತಿಪಟೂರು ತೆಂಗು

ಹಾಗಾದರೆ ಮ್ಯೂಸಿಯಂ ಮಾತು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪುಸ್ತಕದ ಪ್ರತಿ ಪುಟ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ ದಯವಿಟ್ಟು. ಮೂಲ ಕಾರಿನಲ್ಲೇ ಇರಲಿ.

ಚಿಂತಾಮಣಿ ಮೇಷ್ಟ್ರು

ಟೀಚರಮ್ಮ, ಮೂರು ದಿನದಿಂದ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಮನೆಯವಳ ಜೊತೆ ಮಾತಾಡಿದೆ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು ನಾನು. ತೋಟದ ಮನೆಯಲ್ಲಿ ಟ್ರಾಕ್ಟರ್ ನಿಲ್ಲಿಸುವ ಪಕ್ಕಾ ಶೆಡ್ ಇದೆ. ಟ್ರಾಕ್ಟರ್ ಮಾರಿಯಾಯಿತು, ಶೆಡ್ ಖಾಲಿ. ನನ್ನಿಂದ 4 ಲಕ್ಷದ ಮೇಲೆ ಆಗುವುದಿಲ್ಲ. ಸಂಗ್ರಹದವರು ಕೊಡುವುದಕ್ಕಿಂತ 2 ಲಕ್ಷ ಕಮ್ಮಿ. ಅದಕ್ಕೇ ಕೇಳಲು ಸಂಕೋಚ.

ಆದರೆ ಬರೆದುಕೊಡುತ್ತೇನೆ. ಬಣ್ಣ ಹೊಡೆಸುವುದಿಲ್ಲ, ಸೀಟು ಕೀಳುವುದಿಲ್ಲ. ಸಾಬರ ಕೈ ಬಿಟ್ಟು ಬೇರೆ ಕೈ ಅವರಿರುವವರೆಗೆ ಹಾಕಿಸುವುದಿಲ್ಲ. ಅವರ ಹತ್ತಿರ ಕೆಲಸ ಕಲಿಯಲು ಪಾಲಿಟೆಕ್ನಿಕ್ ಓದುವ ನನ್ನ ಮೊಮ್ಮಗನನ್ನು ಕಳಿಸುತ್ತೇನೆ. ನಾನು ಮಾರಬೇಕಾಗಿ ಬಂದರೆ ಮೊದಲು ನಿಮ್ಮಿಬ್ಬರನ್ನು ಕೇಳುತ್ತೇನೆ. ಸಿಟ್ಟು ಬಂದರೆ ಕ್ಷಮಿಸಿ, ಇದನ್ನು ಓದೇ ಇಲ್ಲ ಎಂದುಕೊಳ್ಳಿ.

ಟೀಚರ್ ತಮ್ಮ, ಪುಣೆ

ಅಕ್ಕ, ಮೇಷ್ಟ್ರಿಗೆ ಕೊಡೋಣ. ನನ್ನ ಪಾಲಿನ ಬಗ್ಗೆ ಯೋಚಿಸಬೇಡ.

ಮೇಷ್ಟ್ರೇ, ಒಂದೇ ಬೇಡಿಕೆ. ಬೇಸಿಗೆ ರಜೆಯಲ್ಲಿ ಮಗಳನ್ನು ಕರೆತಂದಾಗ ಒಂದು ರೌಂಡ್ ಬೇಕು. ಗೇರು ನಾನು ಹಾಕುತ್ತೇನೆ.

ಕೋಲಾರದ ಲಾಯರ್

ಮೇಷ್ಟ್ರೇ, ಟೀಚರಮ್ಮ, ಆ ಕರಾರನ್ನು ಛಾಪಾ ಕಾಗದದಲ್ಲಿ ಬರೆಸಿ. ನಂಬಿಕೆ ಇದೆ, ಆದರೂ ಬರೆಸಿ. ಮುಂದಿನ ತಲೆಮಾರಿಗೆ ಗೊತ್ತಿರಬೇಕಲ್ಲ. ನಾನು ಡ್ರಾಫ್ಟ್ ಮಾಡಿಕೊಡುತ್ತೇನೆ, ಫೀಸ್ ಬೇಡ.

ಶಿಡ್ಲಘಟ್ಟ ಟೀಚರ್

ವಾರಸುದಾರರ ಕಾಗದ ಆಯಿತು. ಕರಾರೂ ಆಯಿತು. ಆಯುಧಪೂಜೆ ನಮ್ಮ ಶೆಡ್‌ನಲ್ಲೇ ಮಾಡಿದೆವು. ಚರಕಗಳು ಇದ್ದಾಗಲೂ ಮೊದಲ ಪೂಜೆ ಕಾರಿಗೇ ಆಗುತ್ತಿತ್ತು. ಈ ಸಲ ಕಾರೊಂದೇ. ಅಮ್ಮ ಕುಂಬಳಕಾಯಿ ನಿವಾಳಿಸಿದರು, ಸಾಬರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಪ್ರತಿ ವರ್ಷ ಇಡುತ್ತಿದ್ದದ್ದು ಅವರೇ.

ಮೇಷ್ಟ್ರು ಮತ್ತು ಮೊಮ್ಮಗ ಮಾರನೆಯ ದಿನ ಬಂದರು. ಸಾಬರು ಹುಡುಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಚೋಕ್ ಎಷ್ಟು ಎಳೆಯಬೇಕು, ಎಷ್ಟು ಹೊತ್ತಿಗೆ ಒಳಗೆ ತಳ್ಳಬೇಕು ಎಂದು ನಾಲ್ಕು ಸಲ ಮಾಡಿಸಿದರು. ಓಡುವಾಗ ಬಾಗಿಲು ತೆರೆದುಕೊಂಡರೆ ಗಾಳಿ ಅದನ್ನು ಹಿಂದಕ್ಕೆ ಎಳೆದುಬಿಡುತ್ತದೆ, ಹೊರಡುವ ಮೊದಲು ಕೈಯಿಂದ ತಳ್ಳಿ ನೋಡು ಎಂದು ಐದನೇ ಸಲ ಹೇಳಿದರು. ಕಾರು ಗೇಟು ದಾಟಿದ ಮೇಲೆ ನೋಡಿದರೆ, ಶೆಡ್ ನೆಲದಲ್ಲಿ ಎಣ್ಣೆ ತೊಟ್ಟಿಕ್ಕಿದ ಕಪ್ಪು ಕಲೆ ಮಾತ್ರ ಉಳಿದಿತ್ತು. ನಾನು ಚಿಕ್ಕವಳಿದ್ದಾಗಿಂದ ಅದೇ ಜಾಗದಲ್ಲಿ ಇರುವ ಕಲೆ.

ಚಿಂತಾಮಣಿ ಮೇಷ್ಟ್ರು

ಕ್ಷೇಮವಾಗಿ ತಲುಪಿದೆವು. ದಾರಿಯಲ್ಲಿ ಒಂದು ಕಡೆ ಬಿಸಿ ಜಾಸ್ತಿಯಾಯಿತು. ಹುಣಸೆ ಮರದ ನೆರಳಿನಲ್ಲಿ ನಿಲ್ಲಿಸಿ, ಆರಿದ ಮೇಲೆ ರೇಡಿಯೇಟರಿಗೆ ನೀರು ಹಾಕಿದೆವು. ಸಾಬರಿಗೆ ಫೋನ್ ಮಾಡಿದ್ದೇನೆ, ಶುಕ್ರವಾರ ನಮಾಜ್ ಮುಗಿಸಿ ಬರುತ್ತಾರಂತೆ.

ಪುಸ್ತಕದಲ್ಲಿ ನಿಮ್ಮ ತಂದೆಯವರ ಕೊನೆಯ ಸಾಲಿನ ಕೆಳಗೆ ಒಂದು ಸಾಲು ಬಿಟ್ಟು ಬರೆದಿದ್ದೇನೆ. "ಶಿಡ್ಲಘಟ್ಟದಿಂದ ಚಿಂತಾಮಣಿ. ಪೆಟ್ರೋಲ್ 10 ಲೀಟರ್. 2 ಜನ."